ಅಪ್‌ಡೇಟ್: ಅಲಾಯ್ ಚಕ್ರ ಹಾಕಿಸಿದ ಮೇಲೆ ಆರದಿದ್ದ ಎಬಿಎಸ್ ದೀಪ ಕೊನೆಗೂ ಆರಿತು

ನನ್ನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕಿಗೆ ಕಂಪನಿಯದ್ದಲ್ಲದ ಅಲಾಯ್ ಚಕ್ರ, ಹೊಸ ಬೇರಿಂಗ್ ಹಾಕಿಸಿದಾಗಿನಿಂದ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಆರುತ್ತಿಲ್ಲ ಎಂದು ಕೇಳಿದ್ದೆ ಅಲ್ವಾ? ಈಗ ಸರಿಹೋಗಿದೆ! ಚಕ್ರದ ವೇಗ ಗುರುತಿಸುವ ಸೆನ್ಸರ್ ಒರೆಸಿದ್ದು, ಬ್ಯಾಟರಿ ಬಿಚ್ಚಿ ಹಾಕಿದ್ದು ಪ್ರಯೋಜನಕ್ಕೆ ಬರಲಿಲ್ಲ. ಸೆನ್ಸರಿಗೂ ಚಕ್ರದ ಜೊತೆ ತಿರುಗುವ ಎಬಿಎಸ್ ರಿಂಗಿಗೂ ನಡುವಿನ ಸಂದು ಅಳೆಯಿರಿ ಎಂದವರಿಗೆ ತುಂಬಾ ಥ್ಯಾಂಕ್ಸ್. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು) ಇಟ್ಟು ನೋಡಿದರೆ 2 ಮಿ.ಮೀ.ಗೂ ಜಾಸ್ತಿ ಇತ್ತು. ಒಂದು ಬೇರಿಂಗ್ ಪೂರ್ತಿ ಒಳಗೆ ಕೂತಿರಲಿಲ್ಲ, ಚಕ್ರವೇ ಪಕ್ಕಕ್ಕೆ ಸರಿದಿತ್ತು. ಬೇರೆ ಮೆಕ್ಯಾನಿಕ್ ಹೊಸ ಬೇರಿಂಗ್ ತಂದು, ಹೊರಗಿನ ರೇಸ್ (ಬೇರಿಂಗ್‌ನ ಹೊರ ಬಳೆ) ಮೇಲೆ ಮಾತ್ರ ಒತ್ತಿ ಕೂರಿಸಿದರು. ಒಳಗಿನ ರೇಸ್‌ಗೆ ಹೊಡೆದರೆ ಬೇರಿಂಗ್ ಬೇಗ ಹಾಳಾಗುತ್ತದೆ. ಈಗ ಸಂದು ಸುಮಾರು 1 ಮಿ.ಮೀ. ಇದೆ, ಸೆನ್ಸರ್ ರಿಂಗನ್ನು ಸರಿಯಾಗಿ ಗುರುತಿಸುತ್ತಿದೆ, ದೀಪವೂ ಆರುತ್ತಿದೆ.

ಹೊಸದಾಗಿ ತಿಳಿದದ್ದು: ಕೀ ಆನ್ ಮಾಡಿ ಗಾಡಿ ಇನ್ನೂ ಓಡಿಸದಿದ್ದಾಗ ದೀಪ ಉರಿಯುವುದು ಸಹಜ, ಸ್ವಲ್ಪ ಓಡಿಸಿದ ಮೇಲೇ ಆರುತ್ತದೆ. ಸ್ಟ್ಯಾಂಡ್ ಮೇಲೆ ನೋಡಿ ಸುಮ್ನೆ ಗಾಬರಿಯಾಗಬೇಡಿ.