ಚಾರಿಟಿ ರೈಡ್‌ನ ಮೂರನೇ ದಿನ ಕಲ್ಹಟ್ಟಿ ಘಾಟ್: 22 ಜನರನ್ನು ಹತ್ತಿಸುವುದು ಹೇಗೆ?

ಪೆಡಲ್_ಪಯಣ:
ಮಕ್ಕಳ ಕಣ್ಣಿನ ಶಸ್ತ್ರಚಿಕಿತ್ಸೆಗೆ ಹಣ ಕೂಡಿಸಲು ಡಿಸೆಂಬರ್‌ನಲ್ಲಿ ಮೂರು ದಿನದ ರೈಡ್ ಇಟ್ಟುಕೊಂಡಿದ್ದೇವೆ. ಮೊದಲ ದಿನ ಬೆಂಗಳೂರಿನಿಂದ ಮೈಸೂರು, ಎರಡನೇ ದಿನ ನಂಜನಗೂಡಿನ ಮೇಲೆ ಗುಂಡ್ಲುಪೇಟೆ, ಮೂರನೇ ದಿನ ಬಂಡೀಪುರ ದಾಟಿ ಮಸಿನಗುಡಿ, ಅಲ್ಲಿಂದ 36 ತಿರುವಿನ ಕಲ್ಹಟ್ಟಿ ಹತ್ತಿ ಊಟಿ. ಅರ್ಧದಷ್ಟು ಜನರದ್ದು ಹೈಬ್ರಿಡ್ (ನೇರ ಹ್ಯಾಂಡಲ್‌ನ ಸೈಕಲ್), ಉಳಿದವರದ್ದು ರೋಡ್ ಬೈಕ್; ಅದರ ಅತಿ ಹಗುರ ಗೇರ್ 34-28, ಅಂದರೆ ಮುಂದೆ 34 ಹಲ್ಲು, ಹಿಂದೆ 28. ದಾನಿಗಳು ಒಬ್ಬೊಬ್ಬ ಸವಾರನಿಗೆ ಕಿ.ಮೀ.ಗೆ 10 ರೂಪಾಯಿಯಂತೆ ಒಪ್ಪಿದ್ದಾರೆ. ಈ ಗೇರ್ ಸಾಕಾ? ಒಂದೇ ವ್ಯಾನ್ ಸಾಲುತ್ತದಾ? ಆಗದವರಿಗೆ ‘ಇಳಿಯಿರಿ’ ಅಂತ ಹೇಳುವುದು ಯಾವಾಗ?

ಸ್ಪೋಕ್_32:
34-28 ಸಾಲದು. 700x28 ಟೈರಿಗೆ ಲೆಕ್ಕ ಹಾಕಿ: ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 2.6 ಮೀಟರ್ ಹೋಗುತ್ತದೆ. ನಿಮಿಷಕ್ಕೆ 50 ಸುತ್ತು ಅಂದರೆ ಗಂಟೆಗೆ 7.8 ಕಿ.ಮೀ. ಸವಾರ, ಸೈಕಲ್, ನೀರು ಎಲ್ಲ ಸೇರಿ 85 ಕೆ.ಜಿ. ಆದರೆ 10% ಏರಿನಲ್ಲಿ ಆ ವೇಗಕ್ಕೆ 195 ವ್ಯಾಟ್ ಹತ್ತಿರ ಬೇಕು. ಹಿಂದಿನ ಎರಡು ದಿನ ತುಳಿದು ದಣಿದ ಕಾಲಿಗೆ ಎರಡು ಗಂಟೆ ಅಷ್ಟು ಕೊಡುವುದು ಕಷ್ಟ. ಹಿಂದೆ 34 ಹಲ್ಲು ಹಾಕಿದರೆ ಅದೇ 50 ಸುತ್ತಿಗೆ 6.4 ಕಿ.ಮೀ., ಸುಮಾರು 160 ವ್ಯಾಟ್. ಈ 35 ವ್ಯಾಟ್‌ನಲ್ಲೇ ಮಂಡಿ ಉಳಿಯುತ್ತದೆ. ಟ್ರಿಪಲ್ ಚೈನ್‌ರಿಂಗ್ (ಪೆಡಲ್ ಬಳಿ ಮೂರು ಹಲ್ಲುಚಕ್ರ) ಇರುವ ಹೈಬ್ರಿಡ್‌ನವರು ಆ ದಿನ ರೋಡ್ ಬೈಕ್‌ನವರಿಗಿಂತ ಹಾಯಾಗಿರುತ್ತಾರೆ, ಅವರನ್ನು ನಿಧಾನದ ಗುಂಪು ಅಂತ ಮೊದಲೇ ಬೇರೆ ಮಾಡಬೇಡಿ.

ಬರೀ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಬದಲಿಸಿ ಸುಮ್ಮನಾಗಬೇಡಿ. ಉದ್ದ ಕೇಜಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ; ಕೇಜ್ ಅದರ ಕೆಳತೋಳು) ಬೇಕು, ಚೈನೂ ಹೊಸದು. ಹಳೇ ಚೈನ್ ಗಿಡ್ಡವಾಗಿ, ಯಾರಾದರೂ ಮರೆತು ಮುಂದೆ-ಹಿಂದೆ ಎರಡೂ ಕಡೆ ದೊಡ್ಡ ಚಕ್ರಕ್ಕೆ ಹಾಕಿದರೆ ಡಿರೇಲರ್ ಮುಂದಕ್ಕೆ ಜಗ್ಗಿ, ಅದನ್ನು ಚೌಕಟ್ಟಿಗೆ ಹಿಡಿದಿಡುವ ಹ್ಯಾಂಗರ್ ಮುರಿಯುತ್ತದೆ. ಡಿರೇಲರ್ ಒಳಗೆ ಹಾಯಿಸದೆ ಚೈನನ್ನು ಎರಡೂ ದೊಡ್ಡ ಚಕ್ರಕ್ಕೆ ಸುತ್ತಿ, ಎರಡು ಕೊಂಡಿ ಹೆಚ್ಚಿಗೆ ಬಿಟ್ಟು ಕತ್ತರಿಸಿ. ಡಿರೇಲರ್‌ನ ಮೇಲಿನ ಜಾಕಿ ಚಕ್ರಕ್ಕೂ (ಚೈನ್ ಹಾಯುವ ಪುಟ್ಟ ಚಕ್ರ) 34ರ ಹಲ್ಲಿಗೂ 5-6 ಮಿ.ಮೀ. ಸಂದು ಇರುವಂತೆ ಡಿರೇಲರ್ ಹಿಂಭಾಗದ ಬಿ-ಸ್ಕ್ರೂ ತಿರುಗಿಸಿ. ಇದೆಲ್ಲ ಹೊರಡುವ ಹಿಂದಿನ ರಾತ್ರಿಯ ಕೆಲಸವಲ್ಲ. ಕನಿಷ್ಠ ಒಂದು ವಾರ ಮೊದಲು ಮುಗಿಸಿ 50 ಕಿ.ಮೀ. ಓಡಿಸಿದರೆ ಕೇಬಲ್ ಸಡಿಲವಾಗುವುದು ಅಲ್ಲೇ ಗೊತ್ತಾಗುತ್ತದೆ.

ತಿರುವಿನಲ್ಲಿ ಚೈನ್ ಕಡಿಯುವುದು ಹೀಗೆ: ಏರು ಎದುರಾದ ಮೇಲೆ ಗೇರ್ ನೆನಪಾಗುತ್ತದೆ, ಮೈಭಾರವೆಲ್ಲ ಪೆಡಲ್ ಮೇಲಿರುವಾಗಲೇ ಲಿವರ್ ಒತ್ತುತ್ತಾರೆ, ‘ಟಕ್’ ಅಂತ ಪಕ್ಕದ ಪಟ್ಟಿ ಬಿಚ್ಚಿಕೊಳ್ಳುತ್ತದೆ. ತಿರುವಿಗೆ ಹತ್ತು ಮೀಟರ್ ಮೊದಲೇ ಗೇರ್ ಇಳಿಸಿ, ಅರ್ಧ ಸುತ್ತು ಹಗುರ ತುಳಿಯಿರಿ. ಇನ್ನೊಂದು ವಿಷಯ, ನಾವು ರಸ್ತೆಯ ಎಡಕ್ಕೆ ಇರುವವರು. ಎಡ ತಿರುವುಗಳಲ್ಲಿ ಒಳಅಂಚು ಸಿಗುತ್ತದೆ, ಅಲ್ಲೇ ಏರು ಅತಿ ಕಡಿದು. ಸೀಟಿನಲ್ಲಿ ಮುಂದಕ್ಕೆ ಸರಿದು ಮೊಣಕೈ ಬಗ್ಗಿಸಿ, ಇಲ್ಲದಿದ್ದರೆ ಮುಂದಿನ ಚಕ್ರ ಹಗುರವಾಗಿ ಅಲೆದಾಡುತ್ತದೆ.

ಕ್ವಿಕ್ ಲಿಂಕ್ (ಕಡಿದ ಚೈನ್ ಕೂಡಿಸುವ ಕೊಂಡಿ) ಪ್ರತಿ ಸ್ಪೀಡಿಗೆ, ಅಂದರೆ ಹಿಂದಿನ ಹಲ್ಲುಚಕ್ರಗಳ ಸಂಖ್ಯೆಗೆ ತಕ್ಕಂತೆ, ಎರಡೆರಡು ಇರಲಿ. 8 ಸ್ಪೀಡಿನದು 10ಕ್ಕೆ ಕೂರುವುದಿಲ್ಲ.

ಹಿಂಬಾಲಕ:
ಒಂದು ವ್ಯಾನ್ ಸಾಲದು, ಎರಡು ಬೇಕು, ಜೊತೆಗೆ ಸೈಕಲ್ ಹೇರಲು ಒಂದು ಪಿಕಪ್. ಕಾಡಿನೊಳಗೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಗುಂಪನ್ನು ಬಿಡಬೇಡಿ. ಆನೆ ರಸ್ತೆ ದಾಟುವ ಜಾಗ ಅದು, ಸೈಕಲ್ ಸದ್ದಿಲ್ಲದೆ ಅದರ ಹತ್ತಿರಕ್ಕೇ ಹೋಗಿಬಿಡುತ್ತದೆ. ನನ್ನನ್ನು ಕೇಳಿದರೆ ಬಂಡೀಪುರ ಕಾಡಿನ ಚೆಕ್‌ಪೋಸ್ಟ್ ಇರುವ ಮೇಲುಕಾಮನಹಳ್ಳಿಯಿಂದ ಮಸಿನಗುಡಿಯವರೆಗೆ ಎಲ್ಲವನ್ನೂ ಗಾಡಿಯಲ್ಲೇ ಸಾಗಿಸಿ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ರಸ್ತೆ ಮುಚ್ಚಿರುತ್ತದೆ, ಹಾಗಾಗಿ ಗೇಟ್ ತೆಗೆಯುವ ಹೊತ್ತಿಗೆ ಸೈಕಲ್ ಹೇರಿ ಮುಗಿದಿರಬೇಕು. 22 ಸೈಕಲ್ ಹೇರಲು ಮುಕ್ಕಾಲು ಗಂಟೆ ಹಿಡಿಯಿರಿ. ಎರಡರ ನಡುವೆ ಕಂಬಳಿ, ಡಿರೇಲರ್ ಯಾವುದಕ್ಕೂ ತಾಗದ ಹಾಗೆ. ನೀಲಗಿರಿಗೆ ಗಾಡಿಗಳ ಇ-ಪಾಸ್ ಮೊದಲೇ ಮಾಡಿಸಿ. ಚಿಕ್ಕ ಪ್ಲಾಸ್ಟಿಕ್ ನೀರಿನ ಬಾಟಲಿ ಒಯ್ಯಬೇಡಿ, ಅಲ್ಲಿ ನಿಷೇಧವಿದೆ. ದೊಡ್ಡ ಕ್ಯಾನಿನಿಂದ ಸೈಕಲ್ ಬಾಟಲಿಗೆ ತುಂಬಿ.

ಘಾಟಿಯಲ್ಲಿ ವ್ಯಾನ್ ಸವಾರನ ಬೆನ್ನಿಗೇ 6 ಕಿ.ಮೀ. ವೇಗದಲ್ಲಿ ತೆವಳಬಾರದು. ಕ್ಲಚ್ ಸುಟ್ಟು ಹೋಗುತ್ತದೆ, ಹೊಗೆ ಸವಾರನಿಗೆ, ಹಿಂದೆ ಗಾಡಿಗಳ ಸಾಲು. ಎರಡು ಕಿ.ಮೀ. ಮುಂದೆ ಹೋಗಿ ಅಗಲ ಜಾಗದಲ್ಲಿ ನಿಲ್ಲಲಿ, ಕೊನೆಯವರು ದಾಟಿದ ಮೇಲೆ ಮತ್ತೆ ಮುಂದಕ್ಕೆ. ಎರಡನೆಯದು ಕೊನೆಯ ಸವಾರನ ಹಿಂದಿನ ಅಗಲ ಜಾಗದಲ್ಲಿ. ತಿರುವುಗಳಿಗೆ ಸಂಖ್ಯೆಯ ಫಲಕ ಇವೆ, ಯಾರು ಎಲ್ಲಿದ್ದಾರೆ ಎಂಬುದನ್ನು ಆ ಸಂಖ್ಯೆಯಲ್ಲೇ ಹೇಳಿ.

ಕಡಿದಾದ ಭಾಗ ಹತ್ತು-ಹನ್ನೆರಡು ಕಿ.ಮೀ., ಏರು ಸಾವಿರ ಮೀಟರಿನಷ್ಟು. ನಿಲ್ಲುವುದೂ ಸೇರಿ ಮೂರು ಗಂಟೆ. 10.30ರ ಒಳಗೆ ಬುಡ ಬಿಡದವರು ವ್ಯಾನಿಗೆ, 1.30ಕ್ಕೆ ಎಲ್ಲಿದ್ದರೂ ವ್ಯಾನಿಗೆ. ಇದನ್ನು ಮೊದಲ ದಿನ ಬೆಂಗಳೂರಿನಲ್ಲೇ ಎಲ್ಲರೆದುರು ಓದಿ ಹೇಳಿ.

ಪೆಡಲ್_ಪಯಣ:
ಗಡಿಯಾರ ನೋಡಿ ಇಳಿಸಬಹುದು, ಸರಿ. ಆದರೆ ಹೊತ್ತಿರುವಾಗಲೇ ಕಾಲು ಹಿಡಿದುಕೊಂಡರೆ, ತಲೆ ಸುತ್ತಿದರೆ? ‘ಆಗುತ್ತೆ, ಬಿಡಿ’ ಅಂತಲೇ ಎಲ್ಲರೂ ಹೇಳುತ್ತಾರೆ.

ತುಂಗೆ_ತೀರ:
ಹಾಗೆ ಹೇಳಿಸುತ್ತಿರುವುದು ನಿಮ್ಮ 10 ರೂಪಾಯಿ. ಕಿ.ಮೀ. ಲೆಕ್ಕ ಇರುವವರೆಗೆ ಗಾಡಿ ಹತ್ತಿದವನಿಗೆ ಮಗುವಿನ ದುಡ್ಡು ಕಡಿಮೆ ಮಾಡಿದೆ ಅನ್ನಿಸುತ್ತದೆ. ಇವತ್ತೇ ದಾನಿಗಳಿಗೆ ಬರೆದು, ಸವಾರನಿಗೆ ಇಷ್ಟು ಎಂದು ಒಟ್ಟು ಮೊತ್ತ ಗೊತ್ತು ಮಾಡಿಸಿ. ಒಪ್ಪದ ದಾನಿ ಸಿಗುವುದು ಅಪರೂಪ. ಗೇರಿಗಿಂತ ಮೊದಲು ಇದನ್ನು ಸರಿಮಾಡಿ.

‘ಆಗುತ್ತಾ?’ ಅಂತ ಕೇಳಲೇಬೇಡಿ. ‘ಈಗ ದಾಟಿದ ತಿರುವಿನ ಸಂಖ್ಯೆ ಎಷ್ಟು?’ ಅಂತ ಕೇಳಿ. ತಡವರಿಸಿದರೆ, ನೇರ ಗೆರೆಯಲ್ಲಿ ಹೋಗಲಾಗದಿದ್ದರೆ, ಬಿಸಿಲಲ್ಲೂ ಮೈ ನಡುಗಿದರೆ ಅಲ್ಲಿಗೇ ನಿಲ್ಲಿಸಿ. ಕಾಲು ಹಿಡಿಯುವುದಕ್ಕೆ ಉಪ್ಪಿನ ಕೊರತೆಯೊಂದೇ ಕಾರಣವಲ್ಲ, ದಣಿದ ಕಾಲಲ್ಲಿ ಭಾರದ ಗೇರ್ ತುಳಿದಾಗಲೂ ಹಿಡಿಯುತ್ತದೆ. ಇಳಿದು ಸ್ನಾಯು ಎಳೆಯಿರಿ, ಹತ್ತು ನಿಮಿಷ ಸೈಕಲ್ ತಳ್ಳಿಕೊಂಡು ನಡೆಯಿರಿ. ಎರಡನೇ ಸಲ ಹಿಡಿದರೆ ವ್ಯಾನ್.

ಬೆಳಿಗ್ಗೆ ಇಡ್ಲಿ ಸಾಕು, ಪೂರಿ-ವಡೆ ಬೇಡ. ಘಾಟಿಯಲ್ಲಿ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು. ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಕಲಸಿ, ಅರ್ಧ ಬಾಟಲಿಗೆ ಗಟ್ಟಿಯಾಗಿ ಕಲಸಿದರೆ ಹೊಟ್ಟೆ ತೊಳಸುತ್ತದೆ. ಬಾಳೆಹಣ್ಣು, ಖರ್ಜೂರ ಇಪ್ಪತ್ತು ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ. ಕಡಲೆ ಚಿಕ್ಕಿ ಮೇಲೆ ತಲುಪಿದ ಮೇಲೆ ಕೊಡಿ, ಏರಿನಲ್ಲಿ ಅದು ಅರಗುವುದು ನಿಧಾನ.

ವಿಂಡ್‌ಚೀಟರ್ ಮತ್ತು ಒಣ ಬನಿಯನ್ನಿಗೆ ಹೆಸರು ಬರೆದ ಚೀಲ ಮಾಡಿ, ಮುಂದಿನ ವ್ಯಾನಿನಲ್ಲಿ ಘಾಟಿಯ ತುದಿಯ ತಲೈಕುಂದಕ್ಕೆ ಕಳಿಸಿ. ಬೆವೆತ ಮೈಯಲ್ಲಿ ಅಷ್ಟು ಎತ್ತರದಲ್ಲಿ ಐದು ನಿಮಿಷ ನಿಂತರೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲಾಗುವುದಿಲ್ಲ. ಊಟಿಗೆ ಇನ್ನೂ ಎಂಟು-ಹತ್ತು ಕಿ.ಮೀ. ಉಳಿದಿರುತ್ತದೆ.