ಸೆಂಟಿನೆಲ್-1, ಸೆಂಟಿನೆಲ್-2 ಒಂದರ ಮೇಲೊಂದು ಕೂರ್ತಾನೇ ಇಲ್ಲ, ತಲೆ ಕೆಟ್ಟಿದೆ

ಅಡಿಕೆಸಾಲು:
ಮೂರು ದಿನದಿಂದ ಇದೇ ಗೋಳು. ರಾಡಾರ್ ಉಪಗ್ರಹ ಸೆಂಟಿನೆಲ್-1ರ ವಿವಿ, ವಿಎಚ್ (ಅಲೆಯ ಎರಡು ಧ್ರುವೀಕರಣ) ಚಿತ್ರ ಎರಡನ್ನೂ, ಮಾಮೂಲಿ ಕ್ಯಾಮೆರಾ ಥರ ಬೆಳಕಲ್ಲಿ ನೋಡೋ ಸೆಂಟಿನೆಲ್-2 ಬ್ಯಾಂಡ್‌ಗಳ ಜೊತೆ ಸ್ಟ್ಯಾಕ್ ಮಾಡಿ ಅಡಿಕೆ ತೋಟ ಯಾವುದು, ಕಾಡು ಯಾವುದು ಅಂತ ಬೇರೆ ಮಾಡಬೇಕು. ಮಳೆಗಾಲದಲ್ಲಿ ಮೋಡ ಬಿಟ್ಟರೆ ಬೇರೇನೂ ಕಾಣಲ್ಲ, ರಾಡಾರ್ ಇಲ್ದೆ ಆಗಲ್ಲ. ಆದ್ರೆ ಎರಡೂ ಹೊಂದ್ತಾ ಇಲ್ಲ. ಕರೆಕ್ಷನ್ ಎಲ್ಲಾ ಮಾಡಿದೀನಿ, ಸ್ನ್ಯಾಪ್ ಸಾಫ್ಟ್‌ವೇರ್‌ನಲ್ಲಿ ಒಂದೂ ಎರರ್ ಇಲ್ಲ. ಯಾರಾದ್ರೂ ಬೇಗ ಹೇಳಿ.

ವಲಯ43:
ಯುಟಿಎಂ ಜೋನ್ (ನಕ್ಷೆಯ ವಲಯ) ಎಡವಟ್ಟು, ಕಣ್ಣು ಮುಚ್ಚಿ ಹೇಳ್ತೀನಿ. 78 ಡಿಗ್ರಿ ರೇಖಾಂಶದ ಈಚೆ 43, ಆಚೆ 44. ಕೋಲಾರದ ಕೆಲಸದಲ್ಲಿ ನನಗೂ ಹೀಗೇ ಆಗಿತ್ತು.

ಅಡಿಕೆಸಾಲು:
ಎರಡೂ 43ರಲ್ಲೇ ಇದೆ.

ವಲಯ43:
ಕ್ಯುಜಿಐಎಸ್ ನಕ್ಷೆ ಸಾಫ್ಟ್‌ವೇರ್ ತೋರಿಸೋದನ್ನ ನಂಬಬೇಡಿ. ಫೈಲ್ ಒಳಗಿರೋದನ್ನ ನೋಡಿ.

ಅಡಿಕೆಸಾಲು:
ನೋಡಿದೆ ಮಾರಾಯ್ರೆ. 32643, ಅಂದ್ರೆ ಜೋನ್ 43ರ ಕೋಡ್. ಎರಡರಲ್ಲೂ.

ಮೋಡದಮರೆ:
2022ರ ಜನವರಿ 25ರ ನಂತರದ ಸೆಂಟಿನೆಲ್-2 ಆದ್ರೆ ಪಿಕ್ಸೆಲ್ ಬೆಲೆಯಿಂದ 1000 ಕಳೀಬೇಕು. ಹಳೇದಕ್ಕೆ ಬೇಡ.

ವಲಯ43:
ತಪ್ಪು. ರೀಪ್ರೊಸೆಸ್ ಆದ ಹಳೇ ಚಿತ್ರಕ್ಕೂ ಕಳೀಬೇಕು. ತಾರೀಖಲ್ಲ, ಬೇಸ್‌ಲೈನ್ ನಂಬರ್ (ಪ್ರೊಸೆಸಿಂಗ್ ಆವೃತ್ತಿ) ನೋಡೋದು.

ಮೋಡದಮರೆ:
ಅದನ್ನೇ ತಾನೇ ನಾನು ಹೇಳಿದ್ದು?

ಸಾರ್_ಅಲ್ಲ_ರಾಡಾರ್:
1000 ಕಳೆದ್ರೆ ಚಿತ್ರ ಜರುಗುತ್ತಾ ಸ್ವಾಮಿ? ಅಡಿಕೆಸಾಲು, ಜಾಗ ಯಾವುದು? ಎಲ್ಲಾ ಕಡೆ ಒಂದೇ ಸಮ ಜರುಗಿದೆಯಾ?

ಅಡಿಕೆಸಾಲು:
ತೀರ್ಥಹಳ್ಳಿ, ಆಗುಂಬೆ ಕಡೆ. ತುಂಗೆಯ ಕಮಾನು ಸೇತುವೆ ಹತ್ರ ಸರಿಯಾಗೇ ಇದೆ. ಕುಂದಾದ್ರಿ ಗುಡ್ಡ ಮಾತ್ರ 25 ಪಿಕ್ಸೆಲ್ ಪೂರ್ವಕ್ಕೆ ಹೋಗಿ ಕೂತಿದೆ.

ಸಾರ್_ಅಲ್ಲ_ರಾಡಾರ್:
ಇದನ್ನ ಮೊದಲೇ ಹೇಳೋದಲ್ವಾ! ಡಿಸೆಂಡಿಂಗ್ ಪಾಸ್ (ಉತ್ತರದಿಂದ ದಕ್ಷಿಣಕ್ಕೆ ಹೋಗೋವಾಗ ತೆಗೆದದ್ದು) ಇರಬೇಕು. ಉಪಗ್ರಹ ಪೂರ್ವದಿಂದ ಓರೆಯಾಗಿ ನೋಡುತ್ತೆ. ನೆತ್ತಿಗೆ ತಾಗಿದ ಅಲೆ ಬೇಗ ವಾಪಸ್ ಬರೋದ್ರಿಂದ ಗುಡ್ಡ ಅದರ ಕಡೆಗೇ ವಾಲುತ್ತೆ. ಸುತ್ತಲಿಗಿಂತ 200 ಮೀಟರ್ ಎತ್ತರ, 38 ಡಿಗ್ರಿ ಕೋನ ಅಂತಿಟ್ಕೊಳ್ಳಿ, 256 ಮೀಟರ್ ಆಯ್ತು. ಪಿಕ್ಸೆಲ್‌ಗೆ 10 ಮೀಟರ್, ನಿಮ್ಮ 25 ಪಿಕ್ಸೆಲ್ ಸಿಕ್ತಲ್ಲ. ಮಾಡಿದ್ದು ಯಾವ ಕರೆಕ್ಷನ್?

ಅಡಿಕೆಸಾಲು:
ಎಲಿಪ್ಸಾಯ್ಡ್, ಗುಡ್ಡದ ಎತ್ತರ ಲೆಕ್ಕಕ್ಕೆ ತಗೊಳ್ಳದೇ ಇರೋದು. ಎತ್ತರಾನೂ ಲೆಕ್ಕ ಹಾಕೋ ರೇಂಜ್-ಡಾಪ್ಲರ್ ಟೆರೇನ್ ಹಾಕಿದ್ರೆ ನನ್ನ 8 ಜಿಬಿ ಲ್ಯಾಪ್‌ಟಾಪ್ ಮಲಗಿಬಿಡುತ್ತೆ.

ಮೋಡದಮರೆ:
ನಂದು 64 ಜಿಬಿ. ಕಾಫಿ ಕುಡಿದು ಬರೋದ್ರೊಳಗೆ ಮುಗಿದಿರುತ್ತೆ.

ವಲಯ43:
ಗೂಗಲ್ ಅರ್ಥ್ ಎಂಜಿನ್‌ನಲ್ಲಿ ಟೆರೇನ್ ಕರೆಕ್ಷನ್ ಆಗೇ ಬರುತ್ತೆ. 64 ಜಿಬಿ ಏನು, ಅಡಿಕೆ ಸುಲಿಯೋಕಾ?

ಸಾರ್_ಅಲ್ಲ_ರಾಡಾರ್:
ಮೊದಲು ಬೇಕಾದಷ್ಟೇ ಜಾಗ ಕತ್ತರಿಸಿ ಸಬ್‌ಸೆಟ್ ಮಾಡ್ಕೊಳ್ಳಿ. 8 ಜಿಬಿಲೂ ಓಡುತ್ತೆ.

ಅಡಿಕೆಸಾಲು (ಎರಡು ದಿನದ ಮೇಲೆ):
ರಾತ್ರಿ ಓಡಿಸಿ ಮಲಗಿದೆ. ಕುಂದಾದ್ರಿ ಜಾಗಕ್ಕೆ ಬಂದಿದೆ, ಥ್ಯಾಂಕ್ಸ್. ಆದ್ರೆ ಗುಡ್ಡಗಳ ಪೂರ್ವದ ಇಳಿಜಾರೆಲ್ಲ ಬೆಳ್ಳಗೆ ಹೊಳೀತಿದೆ. ಅಲ್ಲಿ ಬರೀ ಕಾಡು, ಕ್ಲಾಸಿಫೈಯರ್ ಅದನ್ನ ತೋಟ ಅಂತಿದೆ.

ಸಾರ್_ಅಲ್ಲ_ರಾಡಾರ್:
ಟೆರೇನ್ ಕರೆಕ್ಷನ್ ಜಾಗ ಸರಿಮಾಡುತ್ತೆ, ಹೊಳಪನ್ನಲ್ಲ. ಅದಕ್ಕೂ ಮುಂಚೆ ಇಳಿಜಾರಿನ ಹೊಳಪು ಸರಿಮಾಡೋ ಟೆರೇನ್ ಫ್ಲಾಟನಿಂಗ್ ಹಾಕಬೇಕು, ಅದು ಬೀಟಾ-ನಾಟ್ ಅನ್ನೋ ಹೊಳಪಿನ ಅಳತೆ ಕೇಳುತ್ತೆ. ಕ್ಯಾಲಿಬ್ರೇಶನ್‌ನಲ್ಲಿ ಏನು ಕೊಟ್ಟಿದ್ರಿ?

ಅಡಿಕೆಸಾಲು:
ಸಿಗ್ಮಾ-ನಾಟ್. ಮತ್ತೆ ಮೊದಲಿಂದಾನಾ?

ವಲಯ43:
ಹೇಗೂ ಮೊದಲಿಂದ ಮಾಡ್ತೀರಲ್ಲ, ಜೋನ್ ಒಂದ್ಸಲ ನೋಡ್ಬಿಡಿ.