ಬೆಂಗಳೂರಿನ ಹಳೆಯ ಬಾಕಿ

ಬೆಂಗಳೂರು ಬೆಳೆದದ್ದೂ ವಿಜಯಪುರ ಹಿಂದೆ ಉಳಿದದ್ದೂ ಕೇವಲ ಹವೆಯಿಂದ ಎಂದು ನಮ್ಮ ಕಂಡಕ್ಟರರು ತೀರ್ಪು ಕೊಟ್ಟುಬಿಟ್ಟರು. ಏಪ್ರಿಲ್ ತಿಂಗಳ ಸಂಜೆ ಗಾಂಧಿ ಚೌಕದ ಚಹಾದಂಗಡಿಯಲ್ಲಿ ಕುಳಿತು, ಕೊರಳಿನ ಟಾವೆಲ್ಲಿನಿಂದ ಎಡೆಬಿಡದೆ ಬೆವರು ಒರೆಸಿಕೊಳ್ಳುತ್ತಿದ್ದ ಮನುಷ್ಯನಿಂದ ಬೇರೆ ಸಿದ್ಧಾಂತವನ್ನು ನಿರೀಕ್ಷಿಸುವುದೂ ನ್ಯಾಯವಲ್ಲ.

“ಈ ಬಿಸಿಲಿನಲ್ಲಿ ಯಾರಾದರೂ ಕಾರಖಾನೆ ಹಾಕುತ್ತಾರೆಯೇ, ಮಾಸ್ತರ್ರ? ಅಲ್ಲಿ ಮೇ ತಿಂಗಳಲ್ಲಿಯೂ ಚಾದರ ಹೊದ್ದು ಮಲಗುತ್ತಾರಂತೆ. ತಲೆ ತಂಪಾಗಿದ್ದವರಿಗೆ ಲೆಕ್ಕ ಸರಿಯಾಗಿ ಬರುತ್ತದೆ.”

ಮಾಸ್ತರರು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದವರು. ನಡುವೆ ಯಾರೂ ಎದ್ದು ಹೋಗದ ತರಗತಿ ಅವರಿಗೆ ಸಿಕ್ಕಿದ್ದು ನಿವೃತ್ತಿಯ ನಂತರವೇ, ಏಕೆಂದರೆ ನಮ್ಮೆಲ್ಲರ ಚಹಾದ ದುಡ್ಡನ್ನು ಅವರೇ ಕೊಡುತ್ತಾರೆ. “ಅಹಮದಾಬಾದಿನ ಬಿಸಿಲು ನಮ್ಮದಕ್ಕೇನೂ ಕಡಿಮೆಯಿಲ್ಲ, ಚೆನ್ನೈಯ ಸೆಕೆಯನ್ನಂತೂ ಕೇಳುವುದೇ ಬೇಡ. ಆದರೂ ಒಂದು ಕಡೆ ಬಟ್ಟೆಯ ಗಿರಣಿಗಳು ಬಂದವು, ಇನ್ನೊಂದು ಕಡೆ ಮೋಟಾರು ಕಾರಖಾನೆಗಳು ಬಂದವು. ತಂಪಿಗೇ ಕಾರಖಾನೆ ಬರುವುದಾಗಿದ್ದರೆ ಮಡಿಕೇರಿಯಲ್ಲಿ ಹೊಗೆಯ ನಡುವೆ ಮಂಜನ್ನು ಹುಡುಕಬೇಕಾಗುತ್ತಿತ್ತು” ಎಂದರು.

“ಹವೆಯೂ ಅಲ್ಲ, ಗಿವೆಯೂ ಅಲ್ಲ” ಎಂದು ಅಡತಿ ಅಂಗಡಿಯ ಸಾವಕಾರರು ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ದವಡೆಗೆ ಸರಿಸಿದರು. “ಬಂದದ್ದನ್ನೆಲ್ಲ ಒಂದೇ ಊರಿಗೆ ಸುರಿದರು. ದುಡಿಯುವವರು ನಾವು, ಉಣ್ಣುವವರು ಅವರು. ಆ ಬೆಂಗಳೂರಿನ ಹೆಸರು ತೆಗೆದರೆ ನನಗೆ ಬಿ.ಪಿ. ಏರುತ್ತದೆ.”

“ಸಾವಕಾರ್ರ, 1638ರಲ್ಲಿ ಬೆಂಗಳೂರನ್ನು ಗೆದ್ದವರು ಯಾರು ಗೊತ್ತೇ? ನಮ್ಮೂರ ಆದಿಲ್‌ಶಾಹಿಯ ಸೇನಾಪತಿ ರಣದುಲ್ಲಾ ಖಾನ. ಗೆದ್ದ ಊರನ್ನು ಮುಂದೆ ಶಿವಾಜಿಯ ತಂದೆ ಶಹಾಜಿಗೆ ಜಹಗೀರಾಗಿ ಕೊಟ್ಟರು. ಆ ಕಾಲದಲ್ಲಿ ಇಲ್ಲಿ ಗೋಳಗುಮ್ಮಟ ಏಳುತ್ತಿತ್ತು; ಬೆಂಗಳೂರು ಕೆಂಪೇಗೌಡರು ಕಟ್ಟಿದ ಪೇಟೆಯಷ್ಟೇ” ಎಂದರು ಮಾಸ್ತರರು.

ಸಾವಕಾರರು ಚಹಾ ಕೆಳಗಿಟ್ಟರು. “ಅಂದರೆ ಬೆಂಗಳೂರು ನಮಗೆ ವಸೂಲಾಗದ ಬಾಕಿ!” ಎಂದು, ಅಂದಿನಿಂದ ಇಂದಿನವರೆಗೆ ಚಕ್ರಬಡ್ಡಿ ಹಚ್ಚಿದರೆ ಎಷ್ಟಾದೀತೆಂದು ಬೆರಳು ಮಡಚತೊಡಗಿದರು. ಮಾಸ್ತರರ ಮಾತಿನ ಗುರಿ ಬೇರೆಯೇ ಇತ್ತು. ಆಗಲೂ ಇದೇ ಬಿಸಿಲು, ಇದೇ ಎರೆಭೂಮಿ, ಇದೇ ಅರೆಮನಸ್ಸಿನ ಮಳೆ. ಆದರೂ ದೂರದೂರದ ವ್ಯಾಪಾರಿಗಳು, ಕುಶಲಕರ್ಮಿಗಳು ಹುಡುಕಿಕೊಂಡು ಬರುತ್ತಿದ್ದರು. 1686ರಲ್ಲಿ ಔರಂಗಜೇಬನು ಕೋಟೆ ಹಿಡಿದ ಮೇಲೆ ದರಬಾರು ಹೋಯಿತು, ದರಬಾರಿನ ಬೆನ್ನಿಗೆ ಗಿರಾಕಿಗಳು ಹೋದರು. ಒಂದು ಪ್ರದೇಶ ಬಡವಾಗಲು ಮಣ್ಣು ಕೆಡಬೇಕಾಗಿಲ್ಲ ಎಂಬುದು ಅವರ ವಾದ.

“ಮುಂದೆ ಹೊಸ ಕಾಲ ಬಂದಾಗ ಅದು ಮೊದಲು ಯಾರ ಮನೆಯ ಬಾಗಿಲು ತಟ್ಟಿತು ನೋಡಿರಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. 1909ರಲ್ಲಿ ವಿಜ್ಞಾನ ಸಂಸ್ಥೆ, 1913ರಲ್ಲಿ ಮೈಸೂರು ಬ್ಯಾಂಕು, 1940ರಲ್ಲಿ ವಿಮಾನದ ಕಾರಖಾನೆ, ಸ್ವಾತಂತ್ರ್ಯದ ನಂತರ ಟೆಲಿಫೋನಿನ ಐಟಿಐ, ಯಂತ್ರೋಪಕರಣದ ಎಚ್‌ಎಂಟಿ, ಎಲೆಕ್ಟ್ರಾನಿಕ್ಸಿನ ಬಿಇಎಲ್ ಕಾರಖಾನೆಗಳು. ನಮ್ಮಲ್ಲಿ? 1876ರಿಂದ 78ರವರೆಗಿನ ಬರದಲ್ಲಿ ಜಿಲ್ಲೆಯೇ ಬರಿದಾಯಿತು. 1885ರಲ್ಲಿ ಬ್ರಿಟಿಷರು ಜಿಲ್ಲಾ ಕಚೇರಿಗಳನ್ನು ಕಲಾದಗಿಯಿಂದ ಇಲ್ಲಿಗೆ ತಂದು, ಹೊಸದನ್ನು ಕಟ್ಟುವ ಬದಲು ಹಳೆಯ ಅರಮನೆಗಳನ್ನೇ ದುರಸ್ತಿ ಮಾಡಿಕೊಂಡು ಕುಳಿತರು. ಮೈಸೂರಿನ ದಿವಾನರಿಗೆ ಬೆಂಗಳೂರು ಕಣ್ಣೆದುರಿನ ಊರು, ಮುಂಬಯಿಯ ಗವರ್ನರನಿಗೆ ನಾವು ನಕಾಶೆಯ ಕೊನೆಯ ಮೂಲೆ.”

ಇಷ್ಟರಲ್ಲಿ ಗೌಡರು ಕೆಮ್ಮಿದರು. ಗೌಡರು ದ್ರಾಕ್ಷಿ ಬೆಳೆಯುವವರಾದ್ದರಿಂದ ಜಗತ್ತಿನ ಸಕಲ ಪ್ರಶ್ನೆಗಳೂ ಅವರಿಗೆ ನೀರಿನಲ್ಲಿಯೇ ಬಗೆಹರಿಯುತ್ತವೆ. “ಐದು ನದಿಗಳ ನಾಡೆಂದು ಪುಸ್ತಕದಲ್ಲಿ ಬರೆಯುತ್ತಾರೆ, ಬೇಸಿಗೆಯಲ್ಲಿ ಟ್ಯಾಂಕರಿನ ಹಿಂದೆ ಓಡುತ್ತೇವೆ. ಡೋಣಿ ಬೆಳೆದರೆ ಓಣೆಲ್ಲ ಕಾಳು ಎಂಬ ಗಾದೆಯೊಂದು ಉಳಿದಿದೆ, ಅದನ್ನು ಬೇಯಿಸಿಕೊಂಡು ತಿನ್ನಲಾಗುತ್ತದೆಯೇ? ಆಲಮಟ್ಟಿಯನ್ನೇ ತೆಗೆದುಕೊಳ್ಳಿರಿ…” ಅಣೆಕಟ್ಟಿನ ವಿಷಯಕ್ಕೆ ಬಂದ ಗೌಡರನ್ನು ತಡೆಯುವ ಗೇಟು ಇನ್ನೂ ತಯಾರಾಗಿಲ್ಲ. 1964ರ ಮೇ ತಿಂಗಳಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಅಡಿಗಲ್ಲು ಹಾಕಿದವರು ಮರುತಿಂಗಳೇ ಪ್ರಧಾನಿಯಾದರು, ಅಡಿಗಲ್ಲು ಮಾತ್ರ ಬಹುಕಾಲ ಅಡಿಗಲ್ಲಾಗಿಯೇ ಉಳಿಯಿತು. ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅಣೆಕಟ್ಟನ್ನು ನಾಡಿಗೆ ಸಮರ್ಪಿಸಿದಾಗ 2006 ಬಂದಿತ್ತು. ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಿ ನೀರು ನಿಲ್ಲಿಸಬಹುದೆಂದು ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿಯೇ ಹೇಳಿದ್ದರೂ, ವ್ಯಾಜ್ಯ ಮೊದಲು ಏರಿತೇ ಹೊರತು ನೀರು ಏರಲಿಲ್ಲ.

ಗೌಡರನ್ನು ನಾನು ಎಷ್ಟೇ ಗೇಲಿ ಮಾಡಿದರೂ ಇಲ್ಲಿ ಅವರ ಪಕ್ಷವೇ ನನ್ನದು. ಯೋಜನೆಯ ವೆಚ್ಚವನ್ನು ಕೋಟಿಗಳಲ್ಲಿ ಬರೆಯುತ್ತಾರೆ, ವಿಳಂಬದ ವೆಚ್ಚವನ್ನು ಯಾವ ಕಡತದಲ್ಲಿಯೂ ಬರೆಯುವುದಿಲ್ಲ. ನೀರು ಬರುವುದೆಂದು ಕಾಯುತ್ತ ಕುಳಿತವರ ಮಕ್ಕಳು ಗೋವೆಯ ಕಟ್ಟಡ ಕೆಲಸಕ್ಕೆ, ಪುಣೆಗೆ, ಮಂಗಳೂರಿಗೆ ಗಂಟು ಕಟ್ಟಿಕೊಂಡು ಹೋದರು; ಕಾಲುವೆ ಹೊಲಕ್ಕೆ ಬರುವ ಹೊತ್ತಿಗೆ ಹೊಲದಲ್ಲಿ ಮುದುಕರಿದ್ದರು.

“ಗೌಡ್ರ, ನೀರು ಬಂದರೆ ಎಲ್ಲವೂ ಸರಿಹೋಗುತ್ತದೆಯೇ?” ಎಂದು ಮಾಸ್ತರರು ಬಹಳ ಮೃದುವಾಗಿ ಕೇಳಿದರು. ಅವರು ಮೃದುವಾದರೆ ಯಾರಿಗೋ ಕಾದಿದೆ ಎಂದೇ ಅರ್ಥ. “ನಿಮ್ಮ ತೋಟಕ್ಕೆ ನೀರು ಬಂದಿದೆಯಲ್ಲ. ಈ ಸಲದ ಒಣದ್ರಾಕ್ಷಿಯನ್ನು ಎಲ್ಲಿ ಮಾರಿದಿರಿ?”

“ತಾಸಗಾಂವಿನಲ್ಲಿ.”

“ಬೆಳೆದದ್ದು?”

“ತಿಕೋಟಾದ ಹತ್ತಿರ ನಮ್ಮ ಹೊಲದಲ್ಲಿ. ಕಟಾವು ಮಾಡಿ, ಪೊಟ್ಯಾಸಿಯಂ ಕಾರ್ಬೋನೇಟು ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಗೊಂಚಲು ಅದ್ದಿ, ಶೆಡ್ಡಿನ ಜಾಳಿಗೆಯ ಮೇಲೆ ನೆರಳಿನಲ್ಲಿ ಒಣಗಿಸಿ, ತೊಟ್ಟು ಬಿಡಿಸಿ, ಆರಿಸಿ, ಬಾಕ್ಸು ತುಂಬಿದ್ದೆಲ್ಲ ಇಲ್ಲಿಯೇ. ಆಮೇಲೆ ಗಾಡಿ ಮಾಡಿಕೊಂಡು ಮಹಾರಾಷ್ಟ್ರಕ್ಕೆ ಹೋದೆ.”

“ಏಕೆ ಹೋದಿರಿ?”

“ಖರೀದಿ ಮಾಡುವ ದೊಡ್ಡ ವ್ಯಾಪಾರಿಗಳು ಅಲ್ಲಿದ್ದಾರೆ. ಧಾರಣೆ ಬಿದ್ದರೆ ಇಡಲು ಕೋಲ್ಡ್ ಸ್ಟೋರೇಜುಗಳು ಸಾಲುಸಾಲಾಗಿ ಅಲ್ಲಿವೆ. ಇಟ್ಟ ಮಾಲಿನ ಮೇಲೆ ಸಾಲವೂ ಹುಟ್ಟುತ್ತದೆ.”

“ವ್ಯಾಪಾರಿಗಳು ಅಲ್ಲಿ ಏಕಿದ್ದಾರೆ?”

ಗೌಡರು ತುಸು ಯೋಚಿಸಿ, “ನಾವೆಲ್ಲ ಮಾಲು ಅಲ್ಲಿಗೇ ಒಯ್ಯುತ್ತೇವೆ, ಅದಕ್ಕೆ” ಎಂದವರು ತಮ್ಮ ಮಾತಿಗೆ ತಾವೇ ಸಿಕ್ಕಿಬಿದ್ದು ಕಪ್ಪಿನಲ್ಲಿ ಇಲ್ಲದ ಚಹಾವನ್ನು ಕುಡಿದರು.

ಮಾಸ್ತರರಿಗೆ ಇದೇ ಬೇಕಾಗಿತ್ತು. ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುನ್ನಾರ್ ಮಿರ್ಡಾಲ್ 1957ರಲ್ಲಿ ಹೇಳಿದ್ದೂ ಇದನ್ನೇ ಎಂದು ಅವರು ಬಿಡಿಸಿ ಹೇಳಿದರು. ಯಾವುದೋ ಕಾರಣಕ್ಕೆ, ಎಷ್ಟೋ ಸಲ ಆಕಸ್ಮಿಕವಾಗಿಯೇ, ಒಂದು ಊರು ಒಂದು ಹೆಜ್ಜೆ ಮುಂದೆ ಹೋದರೆ ವ್ಯಾಪಾರಿ ಅಲ್ಲಿಗೆ ಬರುತ್ತಾನೆ, ವ್ಯಾಪಾರಿಯ ಹಿಂದೆ ಬ್ಯಾಂಕು ಬರುತ್ತದೆ, ಓದಿದವನು ಕೆಲಸಕ್ಕೆ ಬರುತ್ತಾನೆ, ಇವರೆಲ್ಲ ಇದ್ದಾರೆಂದು ಮುಂದಿನ ಕಾರಖಾನೆಯೂ ಅಲ್ಲಿಗೇ ಬರುತ್ತದೆ. ಹಿಂದುಳಿದ ಊರು ಸುಮ್ಮನೆ ನಿಂತಲ್ಲೇ ನಿಲ್ಲುವುದಿಲ್ಲ. ಅದರ ದುಡ್ಡೂ ಅದರ ಜಾಣ ಮಕ್ಕಳೂ ಮುಂದಿನ ಊರಿನ ಕಡೆಗೆ ಹರಿಯುವುದರಿಂದ ಅದು ಇನ್ನಷ್ಟು ಹಿಂದೆ ಸರಿಯುತ್ತದೆ. ಇಂದು ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಿಂದಲೇ ಬರುತ್ತದೆ. ಮುನ್ನಡೆಯೂ ತಾನಾಗಿ ಉಳಿಯುತ್ತದೆಂದಿಲ್ಲ, ಸರಕಾರವೇ ಅದನ್ನು ಕಿತ್ತುಕೊಂಡದ್ದೂ ಉಂಟು: 1950ರ ದಶಕದಿಂದ ಕೇಂದ್ರವು ಕಲ್ಲಿದ್ದಲು, ಉಕ್ಕುಗಳ ಸಾಗಣೆಯ ಖರ್ಚನ್ನು ದೇಶದ ತುಂಬ ಸಮ ಮಾಡಿದ್ದರಿಂದ ಗಣಿಯ ಬಾಯಲ್ಲೇ ಇದ್ದ ಅಂದಿನ ಬಿಹಾರಕ್ಕೆ ಗಣಿಯ ಲಾಭ ಸಿಗದೆ ಹೋಯಿತು.

“ಗಾಡಿಬಾಡಿಗೆಯನ್ನು ಸರಕಾರ ಕೊಟ್ಟರೆ ಗಣಿಯ ಧೂಳು ಕುಡಿಯುತ್ತ ಯಾವನು ಅಲ್ಲಿ ಕಾರಖಾನೆ ಹಾಕುತ್ತಾನೆ?” ಎಂದು ಸಾವಕಾರರು ಒಂದೇ ಏಟಿಗೆ ಗ್ರಹಿಸಿದರು. ಬಾಡಿಗೆಯ ವಿಷಯದಲ್ಲಿ ಅವರಿಗೆ ಮಿರ್ಡಾಲ್ ಬೇಕಾಗಿಲ್ಲ.

ಆದರೂ ದಕ್ಷಿಣದವರನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿರಲಿಲ್ಲ. ಆಗ ಮಾಸ್ತರರು ಪ್ರಾದೇಶಿಕ ಅಸಮತೋಲನದ ಬಗ್ಗೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಕೊಟ್ಟ 2002ರ ವರದಿಯನ್ನು ತೆಗೆದರು. 175 ತಾಲೂಕುಗಳನ್ನು ಅಳೆದು, 114 ಹಿಂದುಳಿದವೆಂದು ಹೇಳಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿದ ವರದಿ ಅದು. ಅಭಿವೃದ್ಧಿಯಲ್ಲಿ ರಾಜ್ಯದ ಸರಾಸರಿಯನ್ನು 1 ಎಂದು ಇಟ್ಟರೆ ಬೆಂಗಳೂರು ದಕ್ಷಿಣ ತಾಲೂಕಿಗೆ 1.96, ರಾಯಚೂರು ಜಿಲ್ಲೆಯ ದೇವದುರ್ಗಕ್ಕೆ 0.53. “ನಾನು ಹೇಳಲಿಲ್ಲವೇ!” ಎಂದು ಸಾವಕಾರರು ತೊಡೆ ತಟ್ಟಿದರು. “ತಾಳಿರಿ. ಆ 114ರಲ್ಲಿ 59 ನಮ್ಮ ಕಡೆಯವು, 55 ದಕ್ಷಿಣದವು.” ತೊಡೆ ತಟ್ಟಲು ಎತ್ತಿದ್ದ ಎರಡನೆಯ ಕೈ ಅರ್ಧದಲ್ಲಿಯೇ ನಿಂತಿತು. ದಕ್ಷಿಣವೆಂದರೆ ಬೆಂಗಳೂರು ಮಾತ್ರವಲ್ಲ, ಉತ್ತರವೆಂದರೆ ಬರೀ ಗೋಳಲ್ಲ. ಮುಧೋಳ, ಜಮಖಂಡಿಯ ಕಬ್ಬಿನ ಹೊಲ ನೋಡಿದವನು ಸಿಂದಗಿಯ ಒಣಬೇಸಾಯವನ್ನೂ ಅದೇ ತಕ್ಕಡಿಯಲ್ಲಿ ತೂಗಲಾರ.

“ಗೆರೆ ಎಳೆಯುವವರ ಕೈಯಲ್ಲಿದೆ ಎಲ್ಲ” ಎಂದು ಕಂಡಕ್ಟರರು ನಿಟ್ಟುಸಿರುಬಿಟ್ಟರು. “ನಮ್ಮ ಜಿಲ್ಲೆಯ ಬಸ್ಸು ಕಲ್ಯಾಣ ಕರ್ನಾಟಕ ನಿಗಮದ್ದು. 2012ರ ಸಂವಿಧಾನ ತಿದ್ದುಪಡಿಯಿಂದ ಕಲ್ಯಾಣ ಕರ್ನಾಟಕಕ್ಕೆ ಬಂದ 371(ಜೆ) ವಿಧಿಯ ಮೀಸಲಾತಿ ಮಾತ್ರ ನಮ್ಮ ಜಿಲ್ಲೆಗಿಲ್ಲ. ಭೀಮೆಯ ಆಚೆ ಅಫಜಲಪುರದ ಹುಡುಗನಿಗೆ ಮೆಡಿಕಲ್ ಸೀಟಿನಲ್ಲಿ ಪಾಲುಂಟು, ಈಚೆಯ ನನ್ನ ಮಗಳಿಗಿಲ್ಲ. ಹೊಳೆಯ ನೀರು ಎರಡೂ ದಂಡೆಗೆ ಅಷ್ಟೇ ಕಡಿಮೆ. ಬಸ್ಸು ಹಿಂದುಳಿದಿದೆ, ಒಳಗೆ ಕುಳಿತವರು ಮುಂದುವರಿದಿದ್ದಾರೆ ಎಂದು ಲೆಕ್ಕವೇ?” ಇದಕ್ಕೆ ಮಾಸ್ತರರ ಬಳಿಯೂ ಉತ್ತರವಿರಲಿಲ್ಲ. ಹಳೆಯ ಹೈದರಾಬಾದು ಸಂಸ್ಥಾನದ ಗಡಿಯೇ ಆ ಗೆರೆಗೆ ಆಧಾರವೆಂದು ಅವರು ಹೇಳಿದರಾದರೂ, ನಿಜಾಮನ ಕಡತವನ್ನು ತೋರಿಸಿ ಮಗಳನ್ನು ಸಮಾಧಾನಪಡಿಸುವುದು ಯಾವ ತಂದೆಗೂ ಸಾಧ್ಯವಿಲ್ಲ.

ಬೇರೆ ದೇಶದವರು ಏನು ಮಾಡಿದರು ಎಂದು ನಾನು ಕೇಳಿದೆ. ಚೀನಾ 1980ರಲ್ಲಿ ಶೆಂಜೆನ್ನಿನಂತಹ ಕರಾವಳಿಯ ಊರುಗಳಿಗೆ ಮೊದಲು ಬಾಗಿಲು ತೆರೆದು, ಪಶ್ಚಿಮದ ಪ್ರಾಂತಗಳ ನೆನಪಾಗುವ ಹೊತ್ತಿಗೆ 2000 ಬಂದಿತ್ತು. ಬ್ರೆಜಿಲ್ ತನ್ನ ಬರಪೀಡಿತ ಈಶಾನ್ಯಕ್ಕಾಗಿ 1959ರಲ್ಲಿ ಅಭಿವೃದ್ಧಿ ಸಂಸ್ಥೆಯನ್ನು ಕಟ್ಟಿತು, ಮರುವರ್ಷ ರಾಜಧಾನಿಯನ್ನೇ ಕರಾವಳಿಯಿಂದ ಕಿತ್ತು ಒಳನಾಡಿಗೆ ಒಯ್ದಿತು. “ನಾವೂ 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಕಟ್ಟಿದೆವಲ್ಲ” ಎಂದರು ಗೌಡರು. “ಅವರು ರಾಜಧಾನಿಯನ್ನು ಒಯ್ದರು, ನಾವು ಚಳಿಗಾಲದಲ್ಲಿ ಶಾಸಕರನ್ನು ಒಯ್ಯುತ್ತೇವೆ, ಅವರು ಕುಂದಾ ಕಟ್ಟಿಸಿಕೊಂಡು ಮರಳುತ್ತಾರೆ” ಎಂದರು ಕಂಡಕ್ಟರರು.

ಕೊನೆಗೆ ಮಾತು ಮತ್ತೆ ದ್ರಾಕ್ಷಿಗೇ ಬಂತು. ಸರಕಾರ ನೀರು, ರಸ್ತೆ, ಕಾಲೇಜು ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾಲು ಇಡುವ ಜಾಗ, ಕೊಳ್ಳುವ ಜನ ಊರಿನಲ್ಲಿಯೇ ಹುಟ್ಟಬೇಕಾದರೆ ಯಾರಾದರೂ ಮೊದಲು ದುಡ್ಡು ಹಾಕಬೇಕಲ್ಲ ಎಂದು ಮಾಸ್ತರರು ಸಾವಕಾರರ ಕಡೆಗೆ ತಿರುಗಿದರು. ಗೌಡರು ಉತ್ಸಾಹದಿಂದ, ತಿಕೋಟಾ ರಸ್ತೆಗೆ ಹತ್ತಿದ ತಮ್ಮ ಜಾಗವನ್ನು ಕೊಡುವುದಾಗಿಯೂ ಸಾವಕಾರರು ಬಂಡವಾಳ ಹಾಕಿದರೆ ಬರುವ ಹಂಗಾಮಿಗೇ ಕೋಲ್ಡ್ ಸ್ಟೋರೇಜು ಎಬ್ಬಿಸಬಹುದೆಂದೂ ಹೇಳಿದರು.

ಸಾವಕಾರರು ಎಲೆ ಅಡಿಕೆಯನ್ನು ಉಗುಳಿ ಬಂದು, ಬಾಯಿ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ ಹೇಳಿದರು: “ಮೊನ್ನೆ ಕೇಳಿದ್ದರೆ ಆಗುತ್ತಿತ್ತು. ಮಗ ಬಿಡಲಿಲ್ಲ, ಯಲಹಂಕದಲ್ಲಿ ಒಂದು ಸೈಟಿಗೆ ಮುಂಗಡ ಕೊಟ್ಟುಬಿಟ್ಟೆ. ಅಲ್ಲಿ ಧಾರಣೆ ಬೀಳುವುದೇ ಇಲ್ಲವಂತೆ.”

ಮಾಸ್ತರರು ಮಿರ್ಡಾಲ್‌ನ ಹೆಸರನ್ನು ಇನ್ನೊಮ್ಮೆ ಎತ್ತುವಷ್ಟರಲ್ಲಿ, ಪಕ್ಕದ ಸೈಟು ಖಾಲಿ ಇದೆಯೇ ಎಂದು ಗೌಡರು ಕೇಳಿಬಿಟ್ಟರು.